ಎಳೆಗೂಸಿನ ಬಾಯಲ್ಲಿ ಬಿಳಿ ಕಾಳು, ಹಲ್ಲು, ಗಂಟು

ಬಾಣಂತಿಯ ಕೋಣೆಗೆ ಬೆಳಕು ಕಡಿಮೆ. ಗಾಳಿ ಆಡಬಾರದೆಂದು ಕಿಟಕಿ ಮುಚ್ಚಿರುತ್ತದೆ, ಹೊರಸಿನ ಕೆಳಗೆ ಶೇಗಡಿ ಇರುತ್ತದೆ. ಹಾಗಾಗಿ ತೇರದಾಳ, ರಬಕವಿ-ಬನಹಟ್ಟಿ, ಜಮಖಂಡಿ, ಮುಧೋಳ ಕಡೆಯ ಮನೆಗಳಲ್ಲಿ ಕೂಸಿನ ಬಾಯೊಳಗೆ ಏನೋ ಇದೆಯೆಂದು ಗೊತ್ತಾಗುವುದು ಹೆಚ್ಚಾಗಿ ಎರೆಯುವ ಹೊತ್ತಿನಲ್ಲಿ. ನೀರು ಬಿದ್ದ ಕೂಡಲೇ ಕೂಸು ಬಾಯಿ ತೆರೆದು ಅಳುತ್ತದೆ, ಎರೆಯುವ ಆಯಿಯ ಕಣ್ಣಿಗೆ ಅಂಗುಳದ ನಟ್ಟನಡುವೆ ಬಿಳಿ ಕಾಳೊಂದು ಬೀಳುತ್ತದೆ. “ಯವ್ವಾ, ಕೂಸಿಗೆ ಈಗ ಹಲ್ಲ ಬಂದಾವಲ್ಲ!” ಸಂಜೆಯೊಳಗೆ ಸಲಹೆಗಳು ಮನೆ ತುಂಬುತ್ತವೆ. ಜೇನುತುಪ್ಪದಲ್ಲಿ ಅರಿಷಿಣ ಕಲಸಿ ತಿಕ್ಕು ಎನ್ನುವವರು ಒಬ್ಬರು. ಸೋದರಮಾವನಿಗೆ ಆಗಿಬರುವುದಿಲ್ಲ ಎನ್ನುವವರು ಇನ್ನೊಬ್ಬರು. ಮೊಬೈಲಿನಲ್ಲಿ ಹುಡುಕಿ ‘ಗಡ್ಡೆ’ ಎಂದು ಓದಿ ಇಡೀ ಮನೆಯ ನಿದ್ದೆ ಕೆಡಿಸುವವರು ಮತ್ತೊಬ್ಬರು.

ಈ ಲೇಖನ ಬರೆಯಲು ಕಾರಣ ಇಷ್ಟೇ: ಹುಟ್ಟಿದ ಕೂಸಿನ ಬಾಯಲ್ಲಿ ಕಾಣುವ ಗುಳ್ಳೆ-ಗಂಟುಗಳಲ್ಲಿ ಬಹುಪಾಲಿಗೆ ಔಷಧಿಯೇ ಬೇಡ. ಅವುಗಳಿಂದ ಆಗುವ ತೊಂದರೆಗಿಂತ, ಅವನ್ನು ತೆಗೆಯಲು ಹೋದ ನಮ್ಮ ಬೆರಳು, ಬಟ್ಟೆ, ಸೂಜಿಗಳಿಂದ ಆಗುವ ತೊಂದರೆಯೇ ದೊಡ್ಡದು. ವೈದ್ಯರ ಕೈಗೆ ಹೋಗಲೇಬೇಕಾದವು ಕೆಲವೇ. ಅವನ್ನು ಗುರುತಿಸುವುದು ಮನೆಯವರಿಗೂ ಕಷ್ಟವಲ್ಲ.

ಬಾಯಿ ನೋಡುವುದಕ್ಕೂ ಒಂದು ಕ್ರಮವಿದೆ. ಕೈ ತೊಳೆದು, ಕೂಸನ್ನು ತೊಡೆಯ ಮೇಲೆ ಮಲಗಿಸಿ, ಹಗಲಿನಲ್ಲಿ ಬಾಗಿಲ ಬೆಳಕಿಗೆ ಹಿಡಿಯಿರಿ. ಅದು ಆಕಳಿಸಿದಾಗ ಇಲ್ಲವೇ ಅತ್ತಾಗ ನೋಡಿ. ಬಾಯಿಗೆ ಬೆರಳು ಹಾಕಿ ಅಗಲಿಸಬೇಡಿ. ಮುಖ್ಯವಾಗಿ ಗಮನಿಸಬೇಕಾದದ್ದು ಎರಡು: ಅದು ಬಾಯಿಯ ಯಾವ ಜಾಗದಲ್ಲಿದೆ, ಅದರ ಬಣ್ಣ ಯಾವುದು. ವೈದ್ಯರೂ ಮೊದಲು ನೋಡುವುದು ಇವನ್ನೇ.

ಬಿಳಿ ಕಾಳುಗಳು

ಅಂಗುಳದ ನಡುಗೆರೆಯ ಮೇಲೆ, ಒಂದೋ ನಾಲ್ಕೋ, 1ರಿಂದ 3 ಮಿಲಿಮೀಟರಿನಷ್ಟು, ಬಿಳಿ ಅಥವಾ ತಿಳಿಹಳದಿ ಬಣ್ಣದ ಗಟ್ಟಿ ಗುಳ್ಳೆಗಳಿದ್ದರೆ ಅವು ‘ಎಪ್‌ಸ್ಟೈನ್ ಮುತ್ತುಗಳು’. ಪ್ರಾಗ್ ನಗರದ ಮಕ್ಕಳ ವೈದ್ಯ ಅಲೋಯಿಸ್ ಎಪ್‌ಸ್ಟೈನ್ 1880ರಲ್ಲಿ ಇವನ್ನು ವಿವರಿಸಿದ್ದರಿಂದ ಈ ಹೆಸರು. ಬೇರೆ ಬೇರೆ ಕಡೆಯ ಅಧ್ಯಯನಗಳಲ್ಲಿ ನೂರಕ್ಕೆ ಅರವತ್ತರಿಂದ ಎಂಬತ್ತೈದು ನವಜಾತ ಶಿಶುಗಳಲ್ಲಿ ಇವು ಕಂಡಿವೆ. ಅಂದರೆ ಓಣಿಯಲ್ಲಿ ಈ ವರ್ಷ ಹುಟ್ಟಿದ ಹೆಚ್ಚಿನ ಕೂಸುಗಳ ಬಾಯಲ್ಲೂ ಇದ್ದಿರಬೇಕು. ಯಾರೂ ನೋಡಿಲ್ಲ, ಅಷ್ಟೇ.

ಇವು ಬರುವ ಬಗೆ ಸ್ವಾರಸ್ಯವಾಗಿದೆ. ಕೂಸು ಗರ್ಭದಲ್ಲಿರುವಾಗ ಅಂಗುಳ ಮೊದಲು ಎಡಕ್ಕೊಂದು ಬಲಕ್ಕೊಂದು ಎರಡು ತುಂಡಾಗಿರುತ್ತದೆ. ಸುಮಾರು ಹನ್ನೆರಡನೇ ವಾರದ ಹೊತ್ತಿಗೆ ಅವೆರಡೂ ನಡುವೆ ಬಂದು ಕೂಡಿಕೊಳ್ಳುತ್ತವೆ. ಸೀರೆಗೆ ಸೆರಗು ಕೂಡಿಸಿದ ಕಡೆ ಒಂದೆರಡು ಎಳೆ ಗಂಟಾಗಿ ಉಳಿಯುವಂತೆ, ಕೂಡಿದ ಗೆರೆಯಲ್ಲಿ ಮೇಲ್ಪದರದ ಕೆಲವು ಜೀವಕೋಶಗಳು ಸಿಕ್ಕಿಹಾಕಿಕೊಳ್ಳುತ್ತವೆ. ಅವು ಕೆರಟಿನ್ ಎಂಬ ವಸ್ತುವನ್ನು ತುಂಬಿಕೊಂಡು ಬಿಳಿ ಕಾಳಾಗುತ್ತವೆ. ನಮ್ಮ ಉಗುರು, ಕೂದಲುಗಳಲ್ಲಿ ಇರುವುದೂ ಇದೇ ಕೆರಟಿನ್. ಒಳಗೆ ಕೀವು ಇಲ್ಲ, ನೋವೂ ಇಲ್ಲ. ಹಾಲು ಚೀಪುವ ಉಜ್ಜಾಟಕ್ಕೆ ಕೆಲವು ವಾರಗಳಲ್ಲಿ, ಬಹಳವೆಂದರೆ ಕೆಲವು ತಿಂಗಳಲ್ಲಿ, ತಾವಾಗಿಯೇ ಒಡೆದು ಮಾಯವಾಗುತ್ತವೆ.

ಅದೇ ಬಿಳಿ ಕಾಳು ವಸಡಿನ ಹೊರಮೈ ಅಥವಾ ಒಳಮೈಯಲ್ಲಿದ್ದರೆ ‘ಬೋನ್ ಗಂಟು’ ಎನ್ನುತ್ತಾರೆ. ಹೈನ್ರಿಖ್ ಬೋನ್ 1866ರಲ್ಲಿ ಬರೆದದ್ದು. ಇವು ಜೊಲ್ಲಿನ ಗ್ರಂಥಿಯ ಉಳಿಕೆಗಳಿಂದ ಹುಟ್ಟುತ್ತವೆ. ವಸಡಿನ ನೆತ್ತಿಯ ಮೇಲೆಯೇ, ಹಲ್ಲು ಬರಬೇಕಾದ ಜಾಗದಲ್ಲಿದ್ದರೆ, ಅದು ಹಲ್ಲು ರೂಪುಗೊಳ್ಳುವ ಪಟ್ಟಿಯ ಉಳಿಕೆಯಿಂದಾದ ಗುಳ್ಳೆ. ಹಲ್ಲೆಂದು ಹೆಚ್ಚು ಜನ ಮೋಸ ಹೋಗುವುದು ಈ ಮೂರನೆಯದಕ್ಕೆ. ಮೂರಕ್ಕೂ ಮಾಡಬೇಕಾದದ್ದು ಒಂದೇ, ಮುಟ್ಟದೆ ಬಿಡುವುದು. ಹೆಸರುಗಳ ಗೊಂದಲ ವೈದ್ಯರ ಪುಸ್ತಕಗಳಲ್ಲೂ ಇದೆ. ಮನೆಯವರು ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಈಗ ಜೇನು-ಅರಿಷಿಣದ ಮಾತು. ಅರಿಷಿಣ ಬೆಳೆಯುವ ಸೀಮೆಯಲ್ಲಿ ಅದನ್ನು ಬೇಡವೆನ್ನುವುದು ಕಷ್ಟ. ಆದರೂ ಎಳೆಗೂಸಿನ ಬಾಯಿಗೆ ಬೇಡ. ಬಾಯೊಳಗಿನ ಚರ್ಮ ಬಹಳ ತೆಳು, ತಿಕ್ಕಿದರೆ ಸುಲಿಯುತ್ತದೆ, ಸುಲಿದ ಜಾಗದಿಂದ ಸೋಂಕು ಒಳಗಿಳಿಯುತ್ತದೆ. ಅಂಗಡಿಯ ಪುಡಿಯಲ್ಲಿ ಬಣ್ಣ ಬೆರೆತಿದ್ದರೆ ಅದು ಬೇರೆ ಗಂಡಾಂತರ. ಜೇನುತುಪ್ಪವಂತೂ ವರ್ಷ ತುಂಬುವವರೆಗೆ ಯಾವ ಕಾರಣಕ್ಕೂ ಕೂಡದು. ಅದರಲ್ಲಿ ಇರಬಹುದಾದ ಬಾಟುಲಿಸಂ ರೋಗಾಣುವಿನ ಬೀಜಕಣಗಳು ಕೂಸಿನ ಕರುಳಿನಲ್ಲಿ ಬೆಳೆದು ವಿಷ ಬಿಡುತ್ತವೆ, ಮೈ ಬಲಗುಂದಿ ಉಸಿರಾಟಕ್ಕೂ ಕುತ್ತು ಬರಬಹುದು. ಸೂಜಿಯಿಂದ ಚುಚ್ಚುವುದು, ಉಗುರಿನಿಂದ ಕೀಳುವುದು, ಹೊಟ್ಟೆಯ ಮೇಲೆ ಬರೆ ಹಾಕುವುದು ಇವುಗಳ ಬಗ್ಗೆ ಹೆಚ್ಚು ಬರೆಯುವ ಅಗತ್ಯವೇ ಇಲ್ಲ. ಇವು ಚಿಕಿತ್ಸೆಯಲ್ಲ, ಗಾಯ. ಹಲ್ಲು ಬರುವಾಗ ಹಚ್ಚುತ್ತಾರಲ್ಲ, ಆ ಮರಗಟ್ಟಿಸುವ ಜೆಲ್ ಕೂಡ ಬೇಡ. ಅವುಗಳಲ್ಲಿ ಬೆಂಜೊಕೇನ್ ಇದ್ದರೆ ರಕ್ತ ಆಮ್ಲಜನಕ ಹೊರುವ ಶಕ್ತಿಯೇ ಕುಗ್ಗಬಹುದು. ಎರಡು ವರ್ಷದೊಳಗಿನ ಮಕ್ಕಳಿಗೆ ಅದನ್ನು ಬಳಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಗಟ್ಟಿಯಾಗಿ ಎಚ್ಚರಿಸಿದೆ.

ಕಾಳಿನಂತಿರದೆ ನಾಲಿಗೆ, ಕೆನ್ನೆಯ ಒಳಮೈಗಳಲ್ಲಿ ಬಿಳಿ ಪದರದಂತೆ ಹರಡಿದ್ದರೆ ಅದು ಗಂಟಲ್ಲ, ಶಿಲೀಂಧ್ರದ ಸೋಂಕು. ಹಾಲಿನ ಕರೆಯಾಗಿದ್ದರೆ ಒದ್ದೆ ಬಟ್ಟೆಗೆ ಮೆಲ್ಲಗೆ ಬಿಟ್ಟುಬರುತ್ತದೆ. ಶಿಲೀಂಧ್ರವಾದರೆ ಸುಲಭಕ್ಕೆ ಬರುವುದಿಲ್ಲ, ಬಂದರೆ ಕೆಳಗೆ ಕೆಂಪಾಗಿರುತ್ತದೆ. ಇದಕ್ಕೆ ಔಷಧಿ ಬೇಕು, ಅದೂ ಕೂಸಿನ ಬಾಯಿಗೂ ತಾಯಿಯ ಮೊಲೆತೊಟ್ಟಿಗೂ ಒಟ್ಟಿಗೆ. ಒಬ್ಬರಿಗೆ ಮಾತ್ರ ಹಚ್ಚಿದರೆ ಒಬ್ಬರಿಂದ ಒಬ್ಬರಿಗೆ ತಿರುಗುತ್ತಲೇ ಇರುತ್ತದೆ. ಮೇಲ್ತುಟಿಯ ನಡುವೆ ಎದ್ದು ಹೋಗುವ ನೀರುಗುಳ್ಳೆ ಚೀಪುವುದರಿಂದ ಆದದ್ದು, ಚಿಂತೆ ಬೇಡ.

ನಿಜವಾದ ಹಲ್ಲೇ ಇದ್ದರೆ

ಕೆಲವು ಕೂಸುಗಳು ನಿಜಕ್ಕೂ ಹಲ್ಲಿನೊಂದಿಗೆ ಹುಟ್ಟುತ್ತವೆ. ಎರಡು-ಮೂರು ಸಾವಿರ ಹೆರಿಗೆಗಳಿಗೆ ಒಂದು ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಹುಟ್ಟುವಾಗಲೇ ಇದ್ದರೆ ‘ಜನ್ಮಜಾತ ಹಲ್ಲು’, ಮೊದಲ 30 ದಿನಗಳಲ್ಲಿ ಬಂದರೆ ‘ನವಜಾತ ಹಲ್ಲು’. ಈ ವಿಂಗಡಣೆ 1950ರಲ್ಲಿ ಮ್ಯಾಸ್ಲರ್ ಮತ್ತು ಸಾವರಾ ಎಂಬ ದಂತವೈದ್ಯರು ಮಾಡಿದ್ದು. ಹೆಚ್ಚಾಗಿ ಕಾಣುವುದು ಕೆಳವಸಡಿನ ಮುಂಭಾಗದಲ್ಲಿ.

ಬಹಳ ಜನರಿಗೆ ಗೊತ್ತಿರದ ವಿಷಯವೊಂದಿದೆ. ಈ ಹಲ್ಲುಗಳಲ್ಲಿ ಹತ್ತಕ್ಕೆ ಒಂಬತ್ತು ‘ಹೆಚ್ಚುವರಿ’ ಹಲ್ಲುಗಳಲ್ಲ, ಆರೇಳು ತಿಂಗಳಿಗೆ ಬರಬೇಕಾಗಿದ್ದ ಹಾಲುಹಲ್ಲೇ ಅವಸರ ಮಾಡಿ ಬಂದಿರುತ್ತದೆ. ಕಿತ್ತರೆ ಆ ಜಾಗಕ್ಕೆ ಮತ್ತೆ ಹಾಲುಹಲ್ಲು ಬರುವುದಿಲ್ಲ. ಶಾಶ್ವತ ಹಲ್ಲು ಬರುವ ಆರೇಳು ವರ್ಷದವರೆಗೆ ಸಂದು ಹಾಗೆಯೇ ಉಳಿಯುತ್ತದೆ. ಆದ್ದರಿಂದ ‘ಕೀಳಿಸಿಬಿಡೋಣ’ ಎಂಬ ಮಾತಿಗೆ ಮೊದಲು ಸಣ್ಣದೊಂದು ಎಕ್ಸ್-ರೇ ಆಗಬೇಕು. ಅದರಲ್ಲಿ ಇದು ಸಾಲಿನ ಹಲ್ಲೋ ಹೆಚ್ಚುವರಿಯೋ, ಬೇರು ಎಷ್ಟಿದೆ ಎಂಬುದು ತಿಳಿಯುತ್ತದೆ.

ಗಟ್ಟಿಯಾಗಿದ್ದು ಹಾಲು ಕುಡಿಯಲು ಅಡ್ಡಿಯಿಲ್ಲದಿದ್ದರೆ ಹಲ್ಲನ್ನು ಉಳಿಸುವುದೇ ಸರಿ. ಇಂಥ ಹಲ್ಲಿನ ಹೊರಪದರ ತೆಳು, ಬಣ್ಣ ಕಂದು-ಹಳದಿ, ಬೇಗ ಹುಳುಕಾಗುತ್ತದೆ. ದಿನಕ್ಕೆರಡು ಸಲ ಒದ್ದೆ ಮಾಡಿದ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಸಾಕು. ಅಂಚು ಚೂಪಾಗಿದ್ದರೆ ದಂತವೈದ್ಯರು ಉಜ್ಜಿ ನುಣುಪು ಮಾಡುತ್ತಾರೆ, ಇಲ್ಲವೇ ಅದರ ಮೇಲೆ ಹಲ್ಲಿನ ಬಣ್ಣದ ಲೇಪ ಕೂಡಿಸುತ್ತಾರೆ. ಹೀಗೆ ಮಾಡುವುದಕ್ಕೆ ಕಾರಣ ತಾಯಿಗಿಂತ ಹೆಚ್ಚಾಗಿ ಕೂಸು. ಚೀಪುವಾಗ ಕೂಸಿನ ನಾಲಿಗೆ ಕೆಳವಸಡಿನ ಮೇಲೆ ಹಾಸಿರುವುದರಿಂದ, ಹಲ್ಲು ತಾಗಿ ಮೊದಲು ಗಾಯವಾಗುವುದು ಆ ನಾಲಿಗೆಯ ಅಡಿಗೆ. ಈ ಹುಣ್ಣಿಗೆ ರೀಗಾ-ಫೇಡೆ ಎಂಬ ಹೆಸರಿದೆ. ನಿನ್ನೆವರೆಗೆ ಚೆನ್ನಾಗಿ ಕುಡಿಯುತ್ತಿದ್ದ ಕೂಸು ಇಂದು ಮೊಲೆ ಹಿಡಿದು ಕೂಡಲೇ ಬಿಟ್ಟು ಅಳುತ್ತಿದ್ದರೆ ನಾಲಿಗೆ ಎತ್ತಿ ಅತ್ತಾಗ ಅಡಿಭಾಗ ನೋಡಿ.

ಹಲ್ಲು ಅಲ್ಲಾಡುತ್ತಿದ್ದರೆ ಮಾತು ಬೇರೆ. ವಸಡಿಗೆ ಬರೀ ಚರ್ಮದಿಂದ ಅಂಟಿಕೊಂಡಂತಿರುವ ಹಲ್ಲು ಕಳಚಿ ಶ್ವಾಸನಾಳಕ್ಕೆ ಜಾರೀತೆಂಬ ಭಯಕ್ಕೆ ವೈದ್ಯರು ತೆಗೆಯುತ್ತಾರೆ. ಇಲ್ಲಿ ಎರಡು ಎಚ್ಚರಿಕೆಗಳಿವೆ. ಮೊದಲನೆಯದು ರಕ್ತಸ್ರಾವದ್ದು. ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಹುಟ್ಟಿದ ಕೂಸಿನಲ್ಲಿ ತೀರಾ ಕಡಿಮೆ. ಆಸ್ಪತ್ರೆಯಲ್ಲಿ ಹುಟ್ಟಿದರೆ ತೊಡೆಗೆ ಅದರ ಚುಚ್ಚುಮದ್ದು ಕೊಡುತ್ತಾರೆ. ಹೊಲದ ಮನೆಯಲ್ಲೋ ಕಬ್ಬಿನ ಗ್ಯಾಂಗಿನ ಗುಡಿಸಲಲ್ಲೋ ಹೆರಿಗೆಯಾಗಿದ್ದರೆ ಅದು ಸಿಕ್ಕಿರುವುದಿಲ್ಲ. ಚುಚ್ಚುಮದ್ದು ಆಗಿಲ್ಲವೆಂದರೆ ವೈದ್ಯರು ಮೊದಲು ಅದನ್ನು ಕೊಡುತ್ತಾರೆ, ಸಾಧ್ಯವಾದರೆ ಹತ್ತು ದಿನ ತುಂಬುವವರೆಗೆ ಕಾಯುತ್ತಾರೆ. ಎರಡನೆಯದು, ದಾರ ಕಟ್ಟಿ ಎಳೆಯುವ ಪರಿಣತಿ ಮನೆಯಲ್ಲಿ ತೋರಿಸಬೇಡಿ. ಹಲ್ಲಿನ ಕೆಳಗಿನ ಮೆದು ಅಂಗಾಂಶವನ್ನೂ ಕೆರೆದು ತೆಗೆಯದಿದ್ದರೆ ಅಲ್ಲಿಂದ ಮತ್ತೆ ಹಲ್ಲಿನಂಥದ್ದೇ ಏನೋ ಬೆಳೆಯಬಹುದು.

ಸೋದರಮಾವನ ವಿಷಯಕ್ಕೆ ಬರೋಣ. ಮೇಲಿನ ಹಲ್ಲು ಮೊದಲು ಬಂದರೆ ಮಾವನಿಗೆ ಕೇಡು, ಹಲ್ಲಿನ ಸಂಗಡ ಹುಟ್ಟಿದರೆ ಮನೆಗೇ ಕೇಡು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. 1638ರಲ್ಲಿ ಫ್ರಾನ್ಸಿನ ಹದಿನಾಲ್ಕನೇ ಲೂಯಿ ಎರಡು ಹಲ್ಲುಗಳೊಂದಿಗೆ ಹುಟ್ಟಿದನೆಂದು ಹೇಳುತ್ತಾರೆ. ಆತ 72 ವರ್ಷ ಆಳಿದ. ತೊಂದರೆಪಟ್ಟವರಿದ್ದರೆ ಅವನಿಗೆ ಹಾಲೂಡಿಸಿದ ದಾದಿಯರು. ಈ ನಂಬಿಕೆಯ ನಿಜವಾದ ಕೇಡು ಮಾವನಿಗಲ್ಲ, ಬಾಣಂತಿಗೆ. ಹೆತ್ತು ವಾರವಾಗದ ಹೆಣ್ಣುಮಗಳ ಮೇಲೆ ತಪ್ಪು ಹೊರಿಸಿ ಅವಳ ಮನಸ್ಸು ಕುಗ್ಗಿಸಿದರೆ ಹಾಲು ಇಳಿಯುವುದೂ ಕಷ್ಟ. ಶಾಂತಿ ಮಾಡಿಸಬೇಕೆನ್ನುವವರು ಮಾಡಿಸಲಿ, ಎಕ್ಸ್-ರೇ ಬಿಡದಿರಲಿ.

ಗುಲಾಬಿ, ನೀಲಿ, ಕಪ್ಪು

ವಸಡಿನಿಂದ ಜೋತಾಡುವ ಗುಲಾಬಿ ಬಣ್ಣದ ನುಣುಪಾದ ಗಂಟು ಬಹಳ ಅಪರೂಪ. ಆದರೆ ಕಂಡರೆ ಯಾರ ಎದೆಯಾದರೂ ಝಲ್ಲೆನ್ನುತ್ತದೆ, ಏಕೆಂದರೆ ಕೆಲವೊಮ್ಮೆ ಅದು ತುಟಿಯಿಂದ ಹೊರಗೇ ಚಾಚಿರುತ್ತದೆ. ಇದು ‘ಜನ್ಮಜಾತ ಎಪುಲಿಸ್’. ಇದನ್ನು 1871ರಲ್ಲಿ ಮೊದಲು ವಿವರಿಸಿದವರು ಎರ್ನ್‌ಸ್ಟ್ ನ್ಯೂಮನ್. ರಕ್ತಕಣಗಳು ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ ಎಂದು ಕಂಡುಕೊಂಡವರೂ ಅವರೇ. ಗಂಡುಕೂಸುಗಳಿಗಿಂತ ಹೆಣ್ಣುಕೂಸುಗಳಲ್ಲಿ ಇದು ಎಂಟು-ಹತ್ತು ಪಟ್ಟು ಹೆಚ್ಚು, ಕೆಳವಸಡಿಗಿಂತ ಮೇಲ್ವಸಡಿನಲ್ಲಿ ಎರಡು-ಮೂರು ಪಟ್ಟು ಹೆಚ್ಚು. ಕಾರಣ ಇನ್ನೂ ಇತ್ಯರ್ಥವಾಗಿಲ್ಲ. ತಾಯಿ ಗ್ರಹಣ ನೋಡಿದ್ದಕ್ಕೂ ತಿಂದ ಪದಾರ್ಥಕ್ಕೂ ಸಂಬಂಧವಿಲ್ಲ.

ನೋಟಕ್ಕೆ ಭಯಂಕರ, ಸ್ವಭಾವಕ್ಕೆ ಸಾಧು. ಇದು ಕ್ಯಾನ್ಸರ್ ಅಲ್ಲ. ಹುಟ್ಟಿದ ಮೇಲೆ ಸಾಮಾನ್ಯವಾಗಿ ಬೆಳೆಯುವುದಿಲ್ಲ. ಚಿಕ್ಕದಾಗಿದ್ದು ಕೂಸು ಕುಡಿಯುತ್ತಿದ್ದರೆ ಕಾಯಬಹುದು, ತಿಂಗಳುಗಳಲ್ಲಿ ತಾನಾಗಿ ಬಾಡಿಹೋದ ಉದಾಹರಣೆಗಳು ವೈದ್ಯಕೀಯ ಬರಹಗಳಲ್ಲಿ ಸಾಕಷ್ಟಿವೆ. ದೊಡ್ಡದಾಗಿದ್ದು ಬಾಯಿ ಮುಚ್ಚಲು, ಚೀಪಲು, ಉಸಿರಾಡಲು ಅಡ್ಡಿಯಾದರೆ ಮೊದಲ ದಿನಗಳಲ್ಲೇ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ತೊಟ್ಟಿನ ಬುಡದಲ್ಲಿ ಕತ್ತರಿಸುವ ಸಣ್ಣ ಕೆಲಸವದು. ಕಷ್ಟವಿರುವುದು ಕತ್ತರಿಸುವುದರಲ್ಲಲ್ಲ, ಅಷ್ಟು ಎಳೆಯ ಜೀವಕ್ಕೆ ಅರಿವಳಿಕೆ ಕೊಡುವುದರಲ್ಲಿ. ಆದ್ದರಿಂದಲೇ ನವಜಾತ ಶಿಶುವಿನ ಐಸಿಯು ಮತ್ತು ಮಕ್ಕಳಿಗೆ ಅರಿವಳಿಕೆ ಕೊಟ್ಟು ಪಳಗಿದವರಿರುವ ಆಸ್ಪತ್ರೆಯೇ ಬೇಕು. ಶಸ್ತ್ರಚಿಕಿತ್ಸೆಗೆ ಮುನ್ನ ತಾಯಿಹಾಲನ್ನು ಸಾಮಾನ್ಯವಾಗಿ 4 ಗಂಟೆ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಕೂಸು ಅತ್ತಿತೆಂದು ಕದ್ದು ಒಂದು ಗುಟುಕು ಕೊಟ್ಟರೆ ಅದು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ತೆಗೆದ ಗಂಟನ್ನು ಪರೀಕ್ಷೆಗೆ ಕಳಿಸುತ್ತಾರೆ. ‘ಬಯಾಪ್ಸಿ’ ಎಂದ ಮಾತ್ರಕ್ಕೆ ಕ್ಯಾನ್ಸರ್ ಅನುಮಾನವೆಂದು ಅಳಬೇಡಿ, ಅದು ವಾಡಿಕೆಯ ಕ್ರಮ. ಒಮ್ಮೆ ತೆಗೆದರೆ ಇದು ಮರುಕಳಿಸುವುದಿಲ್ಲ, ಮುಂದಿನ ಹಲ್ಲುಗಳಿಗೂ ಸಾಮಾನ್ಯವಾಗಿ ತೊಂದರೆಯಿಲ್ಲ. ದೊಡ್ಡ ಗಂಟಾಗಿದ್ದರೆ ಕೊನೆಯ ಮೂರು ತಿಂಗಳ ಸ್ಕ್ಯಾನಿಂಗ್‌ನಲ್ಲೇ ಕಾಣುವುದುಂಟು. ಹಾಗೆ ಕಂಡರೆ ಹೆರಿಗೆಯನ್ನೇ ದೊಡ್ಡ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವುದು ಜಾಣತನ.

ನಾಲಿಗೆಯ ಅಡಿಯಲ್ಲಿ ಒಂದು ಬದಿಗೆ ನೀಲಿಛಾಯೆಯ ಮೆತ್ತನೆ ಉಬ್ಬಿದ್ದರೆ ಅದು ಜೊಲ್ಲು ತುಂಬಿದ ಚೀಲ, ‘ರಾನುಲಾ’. ಚಿಕ್ಕದಾಗಿದ್ದರೆ ಕೆಲವು ತಿಂಗಳು ನೋಡುತ್ತಾರೆ, ತಾನೇ ಒಡೆದು ಹೋಗುವುದುಂಟು. ನಾಲಿಗೆಯನ್ನೇ ಮೇಲಕ್ಕೆ ತಳ್ಳುವಷ್ಟಾದರೆ ಬಿಡಿಸಬೇಕು. ತುಟಿಯಲ್ಲಿ ಎರಡು-ಮೂರು ವಾರದ ನಂತರ ಎದ್ದು ದಿನೇ ದಿನೇ ಕೆಂಪಗೆ ಬೆಳೆಯುವುದು ರಕ್ತನಾಳಗಳ ಗಂಟು. ಮೊದಲ ತಿಂಗಳುಗಳಲ್ಲಿ ಬೆಳೆದು ಆಮೇಲೆ ವರ್ಷಗಳಲ್ಲಿ ಇಳಿಯುತ್ತದೆ. ಹುಣ್ಣಾದರೆ ಅಥವಾ ಕುಡಿಯಲು ಅಡ್ಡಿಯಾದರೆ ಪ್ರೊಪ್ರನೊಲಾಲ್ ಎಂಬ ಹೃದಯದ ಔಷಧಿಯಿಂದ ಕುಗ್ಗಿಸುತ್ತಾರೆ. ಈ ಉಪಯೋಗ 2008ರಲ್ಲಿ ಫ್ರಾನ್ಸಿನ ಬೋರ್ಡೋದ ವೈದ್ಯರಿಗೆ ಆಕಸ್ಮಿಕವಾಗಿ ಹೊಳೆದದ್ದು.

ತಡ ಮಾಡಬಾರದ್ದು ಕಪ್ಪು. ಮೇಲ್ದವಡೆಯ ಮುಂಭಾಗದಲ್ಲಿ ನೀಲಿ-ಕಪ್ಪು ಉಬ್ಬು ಕಂಡು, ವಾರದಿಂದ ವಾರಕ್ಕೆ ದೊಡ್ಡದಾಗುತ್ತಿದ್ದರೆ ಅದು ಎಲುಬನ್ನೇ ತಿನ್ನುವ ಅಪರೂಪದ ಗಡ್ಡೆಯಾಗಿರಬಹುದು. ಹೆಚ್ಚಿನ ಸಲ ಅದೂ ಕ್ಯಾನ್ಸರ್ ಅಲ್ಲ, ಆದರೆ ಬೇಗ ತೆಗೆದಷ್ಟೂ ದವಡೆ ಉಳಿಯುತ್ತದೆ.

ಯಾವಾಗ, ಎಲ್ಲಿಗೆ

ಬಣ್ಣ-ಜಾಗ ಯಾವುದೇ ಇರಲಿ, ನಿರ್ಧಾರಕ್ಕೆ ಬೇಕಾದ ಪ್ರಶ್ನೆಗಳು ಇವೇ: ಕೂಸು ಉಸಿರಾಡುತ್ತಿದೆಯೇ, ಕುಡಿಯುತ್ತಿದೆಯೇ, ಗಂಟು ಬೆಳೆಯುತ್ತಿದೆಯೇ. ಉಸಿರಿಗೆ ಗೊರಗೊರ ಸದ್ದು, ಎದೆಗೂಡು ಒಳಕ್ಕೆಳೆಯುವುದು, ತುಟಿ ನೀಲಿಯಾಗುವುದು ಕಂಡರೆ ಯೋಚಿಸುತ್ತ ಕೂಡಬೇಡಿ, 108ಕ್ಕೆ ಕರೆ ಮಾಡಿ. ಕುಡಿಯುವುದನ್ನು ಅಳೆಯಲು ಸುಲಭ ದಾರಿ ಇದೆ. ಐದು ದಿನ ದಾಟಿದ ಕೂಸು ಹಗಲು-ರಾತ್ರಿ ಸೇರಿ ಆರು ಸಲವಾದರೂ ಉಚ್ಚೆ ಹೊಯ್ಯಬೇಕು. ಹುಟ್ಟಿದ ತೂಕ ಮೊದಲ ವಾರ ಸ್ವಲ್ಪ ಇಳಿದರೂ ಎರಡು ವಾರದೊಳಗೆ ಮರಳಿ ಬರಬೇಕು. ಬಾಯಲ್ಲಿನ ಅಡ್ಡಿಯಿಂದ ಚೀಪಲಾಗದಿದ್ದರೆ ಹಾಲನ್ನು ಹಿಂಡಿ ಬಟ್ಟಲು-ಚಮಚದಿಂದಲೋ ಒಳಲೆಯಿಂದಲೋ ಕುಡಿಸಿ. ಬಾಟಲಿಗೂ ಪುಡಿಹಾಲಿಗೂ ಹೋಗಬೇಡಿ. ಗಂಟು ಬೆಳೆಯುತ್ತಿದೆಯೇ ಎಂಬುದಕ್ಕೆ ವಾರಕ್ಕೊಮ್ಮೆ, ಒಂದೇ ಬೆಳಕಿನಲ್ಲಿ, ಒಂದೇ ದೂರದಿಂದ ಮೊಬೈಲ್ ಫೋಟೊ ತೆಗೆದಿಡಿ. “ದೊಡ್ಡದಾದಂಗ ಕಾಣತೈತ್ರಿ ಸಾಹೇಬ್ರ” ಎಂಬ ಮಾತಿಗಿಂತ ಆ ಫೋಟೊಗಳು ವೈದ್ಯರಿಗೆ ಹೆಚ್ಚು ಹೇಳುತ್ತವೆ.

ಆಸ್ಪತ್ರೆ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕೆಂಬ ನಿಯಮವಿದೆ. ಆಕೆ ತೂಕ ನೋಡಿ, ಶಾಖ ನೋಡಿ ಹೊರಡುವ ಮೊದಲು “ಅಕ್ಕಾ, ಕೂಸಿನ ಬಾಯೂ ಒಂದೀಟ ನೋಡ್ರಿ” ಎಂದು ಕೇಳಿ. ಆರನೇ ವಾರದ ಲಸಿಕೆಗೆ ಹೋದಾಗ ನರ್ಸಬಾಯಿಗೂ ತೋರಿಸಿ. ತವರಿನಲ್ಲಿ ಬಾಣಂತನವಾದರೆ ಗಂಡನ ಮನೆಯ ಊರಿನ ಆಶಾಗೆ ವಿಷಯವೇ ಗೊತ್ತಿರುವುದಿಲ್ಲ, ಹೆಸರು ಇಲ್ಲಿಯ ಪಟ್ಟಿಗೆ ಸೇರಿದೆಯೇ ಎಂದು ವಿಚಾರಿಸಿಕೊಳ್ಳಿ.

ಅನುಮಾನವಿದ್ದರೆ ಮೊದಲು ಮಕ್ಕಳ ವೈದ್ಯರು. ಹಲ್ಲಿನದಾದರೆ ಬಾಗಲಕೋಟೆಯ ಪಿ.ಎಂ. ನಾಡಗೌಡ ಸ್ಮಾರಕ ದಂತ ವೈದ್ಯಕೀಯ ಕಾಲೇಜಿನ ಮಕ್ಕಳ ದಂತ ವಿಭಾಗ ಹತ್ತಿರದ್ದು. ಶಸ್ತ್ರಚಿಕಿತ್ಸೆಯ ಮಾತು ಬಂದರೆ ಅದೇ ಊರಿನ ಜಿಲ್ಲಾ ಆಸ್ಪತ್ರೆ, ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಹಾನಗಲ್ ಕುಮಾರೇಶ್ವರ ಆಸ್ಪತ್ರೆ, ಅಥವಾ ಬೆಳಗಾವಿಯ ಕೆಎಲ್‌ಇ ಆಸ್ಪತ್ರೆಗಳಲ್ಲಿ ವಿಚಾರಿಸಬಹುದು. ಹೊರಡುವ ಮುಂಚೆ ಫೋನ್ ಮಾಡಿ ಮಕ್ಕಳ ಶಸ್ತ್ರಚಿಕಿತ್ಸಕರು ಯಾವ ದಿನ ಸಿಗುತ್ತಾರೆಂದು ಕೇಳಿ. ತೇರದಾಳದವರಿಗೆ ಮಿರಜದ ಹಾದಿಯೂ ಹಳೆಯದು. ಊರು 1948ರವರೆಗೆ ಸಾಂಗ್ಲಿ ಸಂಸ್ಥಾನದ್ದೇ ಆಗಿತ್ತು, ದವಾಖಾನೆಯೆಂದರೆ ಮಿರಜ ಎನ್ನುವ ರೂಢಿ ಇಂದಿಗೂ ಬಿಟ್ಟಿಲ್ಲ. ಹೋಗಬಾರದೆಂದೇನಿಲ್ಲ. ಆದರೆ ನಮ್ಮ ರಾಜ್ಯದ ಆರೋಗ್ಯ ಕಾರ್ಡು ಗಡಿಯಾಚೆಯ ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಂಡರೆ ಸಾಲ ತಪ್ಪೀತು. ಸರ್ಕಾರಿ ಆಸ್ಪತ್ರೆಯಲ್ಲಾದರೆ 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಒಂದು ವರ್ಷದೊಳಗಿನ ಅಸ್ವಸ್ಥ ಕೂಸಿಗೆ ಚಿಕಿತ್ಸೆ, ಔಷಧಿ, ಪರೀಕ್ಷೆ, ಓಡಾಟದ ವಾಹನ ಉಚಿತ.

ಜೊತೆಗೆ ಒಯ್ಯಬೇಕಾದದ್ದು ತಾಯಿ ಕಾರ್ಡು, ಹೆರಿಗೆಯ ಡಿಸ್ಚಾರ್ಜ್ ಚೀಟಿ, ಗರ್ಭಿಣಿಯಿದ್ದಾಗಿನ ಸ್ಕ್ಯಾನಿಂಗ್ ವರದಿ. ಡಿಸ್ಚಾರ್ಜ್ ಚೀಟಿಯಲ್ಲಿ ವಿಟಮಿನ್ ಕೆ ಕೊಟ್ಟದ್ದು ಬರೆದಿದೆಯೇ ನೋಡಿ, ಇಲ್ಲದಿದ್ದರೆ ಹೆರಿಗೆಯಾದ ಆಸ್ಪತ್ರೆಯಿಂದ ಬರೆಸಿಕೊಳ್ಳಿ. ಹಲ್ಲು ತೆಗೆಸಿದ್ದರೆ, ಗಂಟು ಕತ್ತರಿಸಿದ್ದರೆ ಆ ಕಾಗದ, ಎಕ್ಸ್-ರೇ, ಬಯಾಪ್ಸಿ ವರದಿಗಳನ್ನು ಕೂಸಿನ ಜನನ ಪ್ರಮಾಣಪತ್ರದ ಜೊತೆಗೇ ಇಡಿ. ಆರೇಳು ವರ್ಷದ ಮೇಲೆ, ಮುಂದಿನ ಹಲ್ಲೇಕೆ ಇಲ್ಲವೆಂದು ಇನ್ನೊಬ್ಬ ದಂತವೈದ್ಯರು ಕೇಳಿದಾಗ ಅವೇ ಬೇಕಾಗುತ್ತವೆ.